ಮುಗಿಯದ ಜಗಳಗಳಲ್ಲಿ ಶಾಂತಿಯ ಭರವಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಕೊಪ್ಪ, ಬೇಲೂರು, ಸಕಲೇಶಪುರದ ಕಾಲೇಜುಗಳಲ್ಲಿ, ಗ್ರಂಥಾಲಯಗಳಲ್ಲಿ ಯುದ್ಧ ಮತ್ತು ಶಾಂತಿಯ ಬಗ್ಗೆ ಮಾತಾಡಲು ಕರೆದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಏಳುತ್ತವೆ. ಕೆಲವರು ಕಾಗದ ಬರೆದೂ ಕೇಳುತ್ತಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ.

## ಮೊದಲ ಸುತ್ತು

ಟಿವಿ ಹಾಕಿದ್ರೆ ಬರೀ ಯುದ್ಧ. ಇವೆಲ್ಲ ಯಾವತ್ತಾದ್ರೂ ನಿಲ್ಲುತ್ತಾ ಸಾರ್?

ಎಲ್ಲವೂ ನಿಲ್ಲುತ್ತವೆ ಎಂದು ಹೇಳಲಾರೆ. ಆದರೆ ನಿಂತಿರುವ ಯುದ್ಧಗಳ ಪಟ್ಟಿ ನಾವು ಅಂದುಕೊಂಡದ್ದಕ್ಕಿಂತ ಉದ್ದವಿದೆ. ನಿಂತ ಮರುದಿನವೇ ಕ್ಯಾಮೆರಾಗಳು ಬೇರೆ ಊರಿಗೆ ಹೊರಡುವುದರಿಂದ ನಮಗೆ ಗೊತ್ತಾಗುವುದಿಲ್ಲ.

ಮೊಜಾಂಬಿಕ್ ತೆಗೆದುಕೊಳ್ಳಿ. 1977ರಿಂದ 1992ರವರೆಗಿನ ಅಂತರ್ಯುದ್ಧದಲ್ಲಿ ಗುಂಡಿಗೆ, ಹಸಿವಿಗೆ ಸುಮಾರು ಹತ್ತು ಲಕ್ಷ ಜನ ಸತ್ತರು. ಸಂತ ಎಜಿದಿಯೊ ಎಂಬ ಕ್ಯಾಥೊಲಿಕ್ ಸಮುದಾಯದವರು ಎರಡೂ ಕಡೆಯವರನ್ನು ರೋಮ್‌ಗೆ ಕರೆಸಿ ಎರಡು ವರ್ಷಕ್ಕೂ ಮೇಲ್ಪಟ್ಟು ಕೂರಿಸಿ ಮಾತಾಡಿಸಿದರು. 1992ರ ಅಕ್ಟೋಬರ್ 4ರಂದು ಸಹಿ ಬಿತ್ತು. ಈಗ ಆ ದೇಶದ ಉತ್ತರದಲ್ಲಿ ಬೇರೆಯದೇ ಬಂಡಾಯ ಎದ್ದಿದೆ, ನಿಜ. ಹಳೆಯ ಯುದ್ಧ ಮಾತ್ರ ಆ ಪ್ರಮಾಣದಲ್ಲಿ ಮರಳಿ ಬರಲಿಲ್ಲ. ಈಕ್ವೆಡಾರ್ ಮತ್ತು ಪೆರು ಗಡಿಗಾಗಿ 1941, 1981, 1995ರಲ್ಲಿ ಹೊಡೆದಾಡಿ, 1998ರಲ್ಲಿ ಒಪ್ಪಂದ ಮಾಡಿಕೊಂಡವು. ಆ ಸುದ್ದಿಯನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ?

ದ್ವೇಷ ರಕ್ತದಲ್ಲೇ ಬಂದಿದ್ರೆ ಏನು ಮಾಡೋಕಾಗುತ್ತೆ?

1870, 1914, 1939. ಎಪ್ಪತ್ತು ವರ್ಷದೊಳಗೆ ಫ್ರಾನ್ಸ್ ಮತ್ತು ಜರ್ಮನಿ ಮೂರು ಸಲ ಯುದ್ಧಕ್ಕಿಳಿದವು. ರಕ್ತದ್ದೇ ದ್ವೇಷ ಎಂದು ಅಲ್ಲಿಯ ಪಂಡಿತರೂ ಬರೆದಿದ್ದರು. 1963ರಲ್ಲಿ ಸ್ನೇಹ ಒಪ್ಪಂದವಾಯಿತು, ಇವತ್ತು ಆ ಗಡಿಯಲ್ಲಿ ಜನ ಬೆಳಿಗ್ಗೆ ಆಚೆ ಕೆಲಸಕ್ಕೆ ಹೋಗಿ ಸಂಜೆ ಈಚೆ ಮನೆಗೆ ಬರುತ್ತಾರೆ. ರಕ್ತವೇನೂ ಬದಲಾಗಿಲ್ಲ.

ಹೊರದೇಶದ್ದು ಬೇಡ, ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡಿ.

ಮಿಜೋರಾಂ. ಇದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ವಿಸ್ತಾರವಾಗಿ ಹೇಳಬೇಕಿತ್ತು ಎಂಬುದು ನನ್ನ ಹಳೆಯ ತಕರಾರು.

ಬಿದಿರು ಹೂ ಬಿಟ್ಟರೆ ಬರಗಾಲ ಎಂಬ ಮಾತು ಮಲೆನಾಡಿನ ಹಿರಿಯರಿಗೆ ಗೊತ್ತು. ಮಿಜೋ ಬೆಟ್ಟಗಳಲ್ಲಿ 1959ರ ಹೊತ್ತಿಗೆ ಅದೇ ಆಯಿತು. ಬಿದಿರಕ್ಕಿ ತಿಂದು ಇಲಿಗಳು ಹೆಚ್ಚಿ, ಗದ್ದೆ ಕಣಜಗಳಿಗೆ ನುಗ್ಗಿದವು. ಸರ್ಕಾರ ಸರಿಯಾಗಿ ಸ್ಪಂದಿಸಲಿಲ್ಲ ಎಂಬ ಸಿಟ್ಟಿನಲ್ಲಿ, ಬರ ಪರಿಹಾರಕ್ಕೆ ಹುಟ್ಟಿದ ಸಂಘಟನೆಯೇ ಲಾಲ್‌ಡೆಂಗಾ ನಾಯಕತ್ವದ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಫೆಬ್ರವರಿ 28ರಂದು ದಂಗೆ. ಮಾರ್ಚ್ ಮೊದಲ ವಾರ ನಮ್ಮದೇ ವಾಯುಪಡೆ ಐಜ್ವಾಲ್ ಮೇಲೆ ದಾಳಿ ಮಾಡಿತು. ಆಮೇಲೆ ಹಳ್ಳಿ ಹಳ್ಳಿಗಳನ್ನೇ ಎಬ್ಬಿಸಿ ಹೆದ್ದಾರಿ ಪಕ್ಕದ ಕಾವಲಿನ ಶಿಬಿರಗಳಿಗೆ ಸಾಗಿಸಿದರು. ಇಷ್ಟಾದ ಮೇಲೂ ಅಲ್ಲಿಯ ಚರ್ಚ್‌ಗಳ ಹಿರಿಯರು ಎರಡೂ ಕಡೆ ಓಡಾಡುವುದನ್ನು ಬಿಡಲಿಲ್ಲ. ಮಾತುಕತೆ ಹಲವು ಸಲ ಶುರುವಾಗಿ ಮುರಿಯಿತು. ಕೊನೆಗೆ 1986ರ ಜೂನ್ 30ರಂದು ಒಪ್ಪಂದ. ಕಾಂಗ್ರೆಸ್ ಮುಖ್ಯಮಂತ್ರಿ ಲಾಲ್ ಥನ್‌ಹಾವ್ಲಾ ಕುರ್ಚಿ ಬಿಟ್ಟುಕೊಟ್ಟರು, ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. ಗೆದ್ದು ಕೂತ ಕುರ್ಚಿಯನ್ನು ಶಾಂತಿಗೋಸ್ಕರ ಬಿಡುವ ರಾಜಕಾರಣಿಯನ್ನು ನಾವು ನೋಡಿರುವುದು ಕಡಿಮೆ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಮುಂದಿನ ಕಥೆ. ಎರಡೇ ವರ್ಷಕ್ಕೆ ಲಾಲ್‌ಡೆಂಗಾ ಸರ್ಕಾರ ಬಿತ್ತು, 1989ರ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಸೋತವರು ಕಾಡಿಗೆ ವಾಪಸ್ ಹೋಗಲಿಲ್ಲ. ವಿರೋಧ ಪಕ್ಷದಲ್ಲಿ ಕೂತರು.

ಪಕ್ಕದ ನಾಗಾಲ್ಯಾಂಡ್‌ನಲ್ಲಿ ನಾಗಾ ಬಂಡುಕೋರರ ಜೊತೆ 1997ರಿಂದ ಕದನವಿರಾಮ, 2015ರಲ್ಲಿ ಚೌಕಟ್ಟಿನ ಒಪ್ಪಂದ. ಅಂತಿಮ ಒಪ್ಪಂದ ಇನ್ನೂ ಆಗಿಲ್ಲ. ಮಿಜೋರಾಂ ಸೂತ್ರವನ್ನು ಹಾಗೇ ಎತ್ತಿ ಬೇರೆಡೆ ಇಡಲಾಗುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಅಷ್ಟು ದೂರ ಯಾಕೆ? ನಮ್ಮ ಮಲೆನಾಡಿನ ನಕ್ಸಲರ ವಿಷಯ ಹೇಳಿ. ಅದು ಶಾಂತಿಯೋ, ಬರೀ ಶರಣಾಗತಿಯೋ?

ಕೊಪ್ಪ, ಶೃಂಗೇರಿ ಕಡೆ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. ಕೇಳುವವರಲ್ಲಿ ಅರ್ಧ ಜನರಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ. ರಾತ್ರಿ ಬಾಗಿಲು ತಟ್ಟಿ ಅನ್ನ ಕೇಳಿದವರು ಒಂದು ಕಡೆ, ಬೆಳಿಗ್ಗೆ ಬಂದು ಯಾಕೆ ಹಾಕಿದಿರಿ ಎಂದು ಕೇಳಿದ ಪೊಲೀಸರು ಇನ್ನೊಂದು ಕಡೆ. ಹಾಗೆ ಇಪ್ಪತ್ತು ವರ್ಷ ಬದುಕಿದವರು ಅವರು.

ಬೇರು ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ತಲೆತಲಾಂತರದಿಂದ ಅಲ್ಲಿದ್ದವರಿಗೆ ಒಕ್ಕಲೆಬ್ಬಿಸುವ ಭಯ ಹುಟ್ಟಿತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪಾರ್ವತಿ, ಹಾಜಿಮಾ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತಾಗ ಕಾಡಿನೊಳಗೆ ಬಂದೂಕು ಬಂದಿರುವುದು ನಾಡಿಗೆಲ್ಲ ತಿಳಿಯಿತು. 2005ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯಲ್ಲೇ ನಕ್ಸಲರ ನಾಯಕ ಸಾಕೇತ್ ರಾಜನ್ ಹತ್ಯೆಯಾಯಿತು. ನಾಯಕನೇ ಹೋದ ಮೇಲೆ ಮುಗಿಯಿತು ಅಂದರು. ಕೆಲವೇ ದಿನಕ್ಕೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ಶಿಬಿರದ ಮೇಲೆ ದಾಳಿ ನಡೆದು ಪೊಲೀಸರು ಸತ್ತರು.

ಇದರ ನಡುವೆ ಇನ್ನೊಂದು ಎಳೆ ಸದ್ದಿಲ್ಲದೆ ಸಾಗುತ್ತಿತ್ತು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಗೌರಿ ಲಂಕೇಶ್, ಎ.ಕೆ. ಸುಬ್ಬಯ್ಯ ಮೊದಲಾದವರು ಸರ್ಕಾರಕ್ಕೂ ಕಾಡಿನವರಿಗೂ ಮಧ್ಯೆ ನಿಂತರು. ಪೊಲೀಸರ ಕಣ್ಣಿಗೆ ನಕ್ಸಲರ ಏಜೆಂಟರು, ಕಾಡಿನವರಲ್ಲಿ ಕೆಲವರ ಕಣ್ಣಿಗೆ ಸರ್ಕಾರದ ಏಜೆಂಟರು ಅನ್ನಿಸಿಕೊಂಡರು. 2014ರ ಡಿಸೆಂಬರ್‌ನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದದ್ದು ಆ ದಾರಿಯಲ್ಲಿ. ಹತ್ತು ವರ್ಷದ ನಂತರ, 2024ರ ನವೆಂಬರ್‌ನಲ್ಲಿ ಹೆಬ್ರಿ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡ ಹತ್ಯೆಯಾದಾಗ ಎಲ್ಲ ಮತ್ತೆ ಮೊದಲಿಗೇ ಬಂತು ಅನಿಸಿತು. ಎರಡು ತಿಂಗಳೊಳಗೆ, 2025ರ ಜನವರಿ 8ರಂದು, ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಬಂದು ನಿಂತರು. ಮಧ್ಯೆ ನಿಂತವರ ಹೊಸ ತಲೆಮಾರು ಆಗಲೂ ಇತ್ತು. ದೊರೆಸ್ವಾಮಿ, ಗೌರಿ, ಸುಬ್ಬಯ್ಯ ಮೂವರೂ ಅದನ್ನು ನೋಡಲು ಇರಲಿಲ್ಲ.

ಇನ್ನು ಶಾಂತಿಯೋ ಶರಣಾಗತಿಯೋ ಎಂಬ ಮಾತು. ಬಂದೂಕು ಇಳಿದದ್ದಷ್ಟೇ ಈಗ ಆಗಿರುವುದು. ಬಂದವರ ಮೇಲಿನ ಮೊಕದ್ದಮೆಗಳು ನಡೆಯಬೇಕು, ಕಾಡಂಚಿನವರ ಹಕ್ಕುಪತ್ರ, ರಸ್ತೆ, ಪುನರ್ವಸತಿ ಎಲ್ಲ ತಾಲ್ಲೂಕು ಕಚೇರಿಯ ಕಡತಗಳಿಗೆ ಬಿಟ್ಟ ವಿಷಯ. ಆ ಕಡತಗಳು ಅಲ್ಲಾಡುತ್ತವೋ ಇಲ್ಲವೋ ನೋಡಿ, ಪ್ರಶ್ನೆಗೆ ಉತ್ತರ ಅಲ್ಲಿದೆ.

## ಸ್ವಲ್ಪ ಒಳಗೆ

ಕೊಲೆ ಮಾಡಿದವರ ಜೊತೆ ಕೂತು ಮಾತಾಡೋದಾ? ನಾಚಿಕೆ ಆಗಲ್ವಾ?

ಆಗುತ್ತದೆ. ಅದಕ್ಕೇ ಕದ್ದು ಮಾತಾಡುತ್ತಾರೆ.

ಉತ್ತರ ಐರ್ಲೆಂಡ್‌ನಲ್ಲಿ ಮೂವತ್ತು ವರ್ಷದಲ್ಲಿ ಸುಮಾರು 3,500 ಜನ ಸತ್ತರು. ಉಗ್ರರ ಜೊತೆ ಮಾತಿಲ್ಲ ಎಂದು ಬ್ರಿಟಿಷ್ ಸರ್ಕಾರ ಬಹಿರಂಗವಾಗಿ ಹೇಳುತ್ತಿದ್ದ ಕಾಲದಲ್ಲೇ ಡೆರಿ ಪಟ್ಟಣದ ಬ್ರೆಂಡನ್ ಡಡ್ಡಿ ಎಂಬ ವ್ಯಾಪಾರಿ, ಬ್ರಿಟನ್‌ನಿಂದ ಬೇರೆಯಾಗಲು ಬಂದೂಕು ಹಿಡಿದಿದ್ದ ಐಆರ್‌ಎ ಗುಂಪಿಗೂ ಬ್ರಿಟಿಷ್ ಗುಪ್ತಚರರಿಗೂ ಮಧ್ಯೆ ಸಂದೇಶ ಸಾಗಿಸುತ್ತಿದ್ದ. ಕರಿದ ಮೀನು, ಆಲೂಗಡ್ಡೆ ಮಾರುವ ಅಂಗಡಿಗಳ ಮಾಲೀಕ. 1970ರ ದಶಕದ ಮೊದಲಿಂದ 1990ರ ದಶಕದವರೆಗೆ, ನಡುನಡುವೆ ವರ್ಷಗಟ್ಟಲೆ ಏನೂ ನಡೆಯದಿದ್ದರೂ, ಆ ಸಂಪರ್ಕ ಪೂರ್ತಿ ಸಾಯದಂತೆ ನೋಡಿಕೊಂಡ. ಸಿಕ್ಕಿಬಿದ್ದಿದ್ದರೆ ಎರಡು ಕಡೆಯವರೂ ದ್ರೋಹಿ ಅನ್ನುತ್ತಿದ್ದರು.

ಮಾತಾಡಿದರೆ ಬೆಲೆಯೂ ತೆರಬೇಕು. 1998ರ ಒಪ್ಪಂದದಂತೆ ಕದನವಿರಾಮ ಪಾಲಿಸುವ ಗುಂಪುಗಳ ಕೈದಿಗಳನ್ನು ಎರಡು ವರ್ಷದೊಳಗೆ ಬಿಡಬೇಕಿತ್ತು. ಗಂಡನನ್ನು ಕೊಂದವನು ಅದೇ ಬೀದಿಯ ಅಂಗಡಿಯಲ್ಲಿ ಹಾಲು ಕೊಳ್ಳುವುದನ್ನು ಹೆಂಡತಿ ನೋಡಬೇಕಾಯಿತು. ಅವಳಿಗೆ ಸಮಾಧಾನ ಹೇಳುವ ಮಾತು ಯಾರ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. 2007ರಲ್ಲಿ, ಜೀವಮಾನವಿಡೀ ಒಪ್ಪುವುದಿಲ್ಲ ಎಂದು ಗುಡುಗಿದ್ದ, ಬ್ರಿಟನ್ ಜೊತೆಗೇ ಇರಬೇಕೆನ್ನುವವರ ನಾಯಕ ಇಯಾನ್ ಪೇಯ್ಸ್ಲಿ ಮತ್ತು ಐಆರ್‌ಎ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಕ್‌ಗಿನೆಸ್ ಒಟ್ಟಿಗೆ ಸರ್ಕಾರ ನಡೆಸಿದರು. ಇಬ್ಬರೂ ಸೇರಿ ನಗುವ ಫೋಟೋಗಳು ಎಷ್ಟು ಬಂದವೆಂದರೆ ಜನ ಅಡ್ಡಹೆಸರನ್ನೇ ಇಟ್ಟರು.

ಒಂದು ಕಡೆ ಮಾತುಕತೆ, ಇನ್ನೊಂದು ಕಡೆ ಬಾಂಬು. ಇದು ಮೋಸ ಅಲ್ವಾ?

ಮಾತುಕತೆ ಗಂಭೀರವಾದಾಗಲೇ ಬಾಂಬು ಹೆಚ್ಚುತ್ತದೆ. ಒಪ್ಪಂದವಾದರೆ ಅಂಗಡಿ ಮುಚ್ಚಬೇಕಾದವರು ಎರಡೂ ಕಡೆ ಇರುತ್ತಾರೆ.

1993ರ ಏಪ್ರಿಲ್ 10ರಂದು ದಕ್ಷಿಣ ಆಫ್ರಿಕಾದ ಕಪ್ಪು ನಾಯಕ ಕ್ರಿಸ್ ಹಾನಿಯನ್ನು ಮನೆ ಮುಂದೆಯೇ ಗುಂಡಿಕ್ಕಿ ಕೊಂದರು. ಕೊಂದವನು ಪೋಲೆಂಡ್‌ನಿಂದ ವಲಸೆ ಬಂದ ಬಿಳಿಯ. ಅವನ ಕಾರಿನ ನಂಬರ್ ಗಮನಿಸಿ ಪೊಲೀಸರಿಗೆ ತಿಳಿಸಿದವಳು ನೆರೆಮನೆಯ ಬಿಳಿಯ ಹೆಂಗಸು. ಆಗಿನ್ನೂ ಅಧಿಕಾರದಲ್ಲಿಲ್ಲದ ಮಂಡೇಲಾ ಆ ರಾತ್ರಿ ಟಿವಿಯಲ್ಲಿ ಇವೆರಡನ್ನೂ ಒಟ್ಟಿಗೆ ಹೇಳಿದರು. ದೇಶ ಹೊತ್ತಿಕೊಳ್ಳುವುದು ತಪ್ಪಿತು, ಚುನಾವಣೆಯ ದಿನಾಂಕ ಬೇಗ ನಿಗದಿಯಾಯಿತು. ಉತ್ತರ ಐರ್ಲೆಂಡ್‌ನ 1998ರ ಒಪ್ಪಂದಕ್ಕೆ ನಾಲ್ಕು ತಿಂಗಳಾದಾಗ ಒಮಾ ಪಟ್ಟಣದ ಬಾಂಬು 29 ಜನರನ್ನು ಕೊಂದಿತು. ಎಲ್ಲ ಮುಖ್ಯ ಪಕ್ಷಗಳೂ ಅದನ್ನು ಒಡಕು ಗುಂಪಿನ ಕೃತ್ಯವೆಂದೇ ನೋಡಿದವು, ಒಪ್ಪಂದ ಉಳಿಯಿತು.

ಉಳಿಯದ್ದೂ ಇದೆ. 1995ರ ನವೆಂಬರ್‌ನಲ್ಲಿ ಇಸ್ರೇಲ್ ಪ್ರಧಾನಿ ರಬಿನ್‌ರನ್ನು ಅವರ ದೇಶದವನೇ ಕೊಂದ. ಮರುವರ್ಷ ಬಸ್ಸುಗಳಲ್ಲಿ ಹಮಾಸ್ ಬಾಂಬುಗಳು ಸಿಡಿದವು. ಪ್ಯಾಲೆಸ್ತೀನಿಯರ ಜೊತೆ ಆಗಿದ್ದ ಓಸ್ಲೋ ಒಪ್ಪಂದ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲೇ ಇಲ್ಲ.

ದೊಡ್ಡ ಅನಾಹುತ ಆದ್ರೆ ಜನಕ್ಕೆ ಬುದ್ಧಿ ಬರುತ್ತೆ ಅಂತಾರೆ, ನಿಜವಾ?

2004ರ ಡಿಸೆಂಬರ್ 26ರ ಸುನಾಮಿ ಈ ಪ್ರಶ್ನೆಗೆ ಎರಡು ಉತ್ತರ ಕೊಟ್ಟಿದೆ. ಇಂಡೊನೇಷ್ಯಾದ ಅಚೆಯಲ್ಲಿ 1976ರಿಂದ ಪ್ರತ್ಯೇಕತೆಯ ಹೋರಾಟವಿತ್ತು. ಸುನಾಮಿಯ ಮರುವರ್ಷ ಆಗಸ್ಟ್ 15ರಂದು, ಫಿನ್ಲೆಂಡ್‌ನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಮಧ್ಯಸ್ಥಿಕೆಯಲ್ಲಿ ಹೆಲ್ಸಿಂಕಿಯಲ್ಲಿ ಸಹಿಯಾಯಿತು, ಇಂದಿಗೂ ನಿಂತಿದೆ. ಶ್ರೀಲಂಕಾದ ಕರಾವಳಿಯನ್ನೂ ಅದೇ ಅಲೆ ಬಡಿಯಿತು. ಅಲ್ಲಿ ಪರಿಹಾರ ಹಣ ಯಾರ ಕೈಯಿಂದ ಹಂಚಬೇಕು ಎಂಬುದೇ ಹೊಸ ಜಗಳವಾಗಿ, ಸರ್ಕಾರಕ್ಕೂ ಎಲ್‌ಟಿಟಿಇಗೂ ನಡುವೆ ಇದ್ದ ಕದನವಿರಾಮವೂ ಸವೆದು ಯುದ್ಧ ಮರಳಿತು.

ಅಚೆಯಲ್ಲಿ ಸುನಾಮಿಗೆ ಮೊದಲೇ ಮಾತಿನ ತಯಾರಿ ಶುರುವಾಗಿತ್ತು ಎಂಬುದನ್ನು ಜನ ಮರೆಯುತ್ತಾರೆ.

ಒಂದು ಕಡೆಯವರು ಪೂರ್ತಿ ಗೆದ್ದುಬಿಟ್ರೆ ಅದೂ ಶಾಂತಿ ತಾನೆ?

ಗುಂಡಿನ ಸದ್ದು ನಿಲ್ಲುತ್ತದೆ, ಅದು ಸಣ್ಣದಲ್ಲ. 2009ರ ಮೇ ತಿಂಗಳಲ್ಲಿ ಶ್ರೀಲಂಕಾ ಸೇನೆ ಎಲ್‌ಟಿಟಿಇಯನ್ನು ಮುಗಿಸಿದ ಮೇಲೆ ಆ ಯುದ್ಧ ಮತ್ತೆ ಹುಟ್ಟಿಲ್ಲ. ಆದರೆ ಕೊನೆಯ ತಿಂಗಳುಗಳಲ್ಲಿ ಸಾವಿರಾರು ನಾಗರಿಕರು ಸತ್ತರು, ಕಾಣೆಯಾದ ಮಕ್ಕಳ ಫೋಟೋ ಹಿಡಿದ ತಮಿಳು ತಾಯಂದಿರು ವರ್ಷಗಟ್ಟಲೆ ರಸ್ತೆ ಬದಿ ಕೂತರು.

ಯಾವಾಗ ಮಾತಿಗೆ ಬರ್ತಾರೆ? ಯಾಕೆ ಮೊದಲೇ ಬರಲ್ಲ?

ಕೋರ್ಟಿನಲ್ಲಿ ಅಣ್ಣತಮ್ಮಂದಿರ ಪಾಲು ವ್ಯಾಜ್ಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೆದ್ದವ ಸೋತ, ಸೋತವ ಸತ್ತ ಎಂಬುದು ಇಬ್ಬರಿಗೂ ಅರ್ಥವಾಗುವ ಹೊತ್ತಿಗೆ ತೋಟದ ಅರ್ಧ ವಕೀಲರ ಫೀಸಿಗೆ ಹೋಗಿರುತ್ತದೆ. ಅಮೆರಿಕದ ವಿದ್ವಾಂಸ ವಿಲಿಯಂ ಜಾರ್ಟ್‌ಮನ್ ಇದನ್ನೇ ಸಿದ್ಧಾಂತ ಮಾಡಿದರು: ಇಬ್ಬರಿಗೂ ನೋಯುವ, ಯಾರೂ ಗೆಲ್ಲಲಾಗದ ಹಂತ ಬರಬೇಕು, ಜೊತೆಗೆ ಹೊರಬರುವ ದಾರಿಯೂ ಕಾಣಬೇಕು. ಎರಡನೆಯದೇ ಕಷ್ಟ. ನೋವು ತಾನಾಗಿ ಬರುತ್ತದೆ, ದಾರಿಯನ್ನು ಯಾರಾದರೂ ಮೊದಲೇ ಕಡಿದಿಟ್ಟಿರಬೇಕು.

ಹೆಂಗಸರು ಇದರಲ್ಲಿ ಏನು ಮಾಡೋಕೆ ಸಾಧ್ಯ? ತೀರ್ಮಾನ ಮಾಡೋರು ಗಂಡಸರೇ ತಾನೆ?

ಬೇಲೂರಿನಲ್ಲಿ ಒಬ್ಬ ವಿದ್ಯಾರ್ಥಿನಿ ತುಸು ಸಿಟ್ಟಿನಲ್ಲೇ ಕೇಳಿದ್ದು. ಲೈಬೀರಿಯಾದಲ್ಲಿ 2003ರಲ್ಲಿ ಲೇಮಾ ಗ್‌ಬೋವಿ ಮತ್ತು ಸಂಗಡಿಗರು, ಕ್ರೈಸ್ತರು ಮುಸ್ಲಿಮರು ಒಟ್ಟಿಗೆ, ಬಿಳಿ ಬಟ್ಟೆ ತೊಟ್ಟು ಅಧ್ಯಕ್ಷ ಚಾರ್ಲ್ಸ್ ಟೇಲರ್ ಓಡಾಡುವ ರಸ್ತೆ ಪಕ್ಕದ ಮೀನು ಮಾರುಕಟ್ಟೆಯಲ್ಲಿ ಬಿಸಿಲು ಮಳೆ ಎನ್ನದೆ ಕೂತರು. ಮಾತುಕತೆ ಘಾನಾದ ಅಕ್ರಾಗೆ ಹೋಯಿತು, ಹೆಂಗಸರೂ ಹೋದರು. ಯುದ್ಧನಾಯಕರು ಒಳ್ಳೆಯ ಹೋಟೆಲಿನಲ್ಲಿ ಉಂಡು ಕಾಲ ತಳ್ಳುತ್ತಿದ್ದಾರೆಂದು ಗೊತ್ತಾದಾಗ ಸಭಾಂಗಣದ ಬಾಗಿಲಿಗೆ ತೋಳು ತೋಳು ಹೆಣೆದು ಕೂತು, ಒಪ್ಪಂದವಾಗದೆ ಯಾರೂ ಹೊರಗೆ ಹೋಗುವಂತಿಲ್ಲ ಅಂದರು. ಬಂಧಿಸಲು ಬಂದಾಗ ಗ್‌ಬೋವಿ ಮೈಮೇಲಿನ ಬಟ್ಟೆ ಕಳಚುತ್ತೇನೆ ಎಂದಳು. ತಾಯಿಯ ವಯಸ್ಸಿನವಳು ಹಾಗೆ ಮಾಡಿದರೆ ನೋಡಿದವರಿಗೆ ಶಾಪ ಎಂಬ ನಂಬಿಕೆ ಅಲ್ಲಿ. ಕಾವಲಿನವರು ಹಿಂದೆ ಸರಿದರು. ಕೆಲವೇ ವಾರದಲ್ಲಿ, ಆಗಸ್ಟ್ 18ರಂದು, ಸಹಿಯಾಯಿತು.

ಗೊರೂರು ಡ್ಯಾಮಿನ ಬುಡದಲ್ಲೇ ಇದ್ದೀವಿ. ಕಾವೇರಿ ಜಗಳ ನಮ್ಮ ಕಾಲಕ್ಕೆ ಮುಗಿಯುತ್ತಾ?

ಮುಗಿಯುವುದಿಲ್ಲ, ಆದರೆ ತಣ್ಣಗಾಗಿದೆ. 1991ರಲ್ಲಿ ಮಧ್ಯಂತರ ಆದೇಶಕ್ಕೆ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಯಾಗಿ ಜೀವಗಳು ಹೋದವು. 2016ರಲ್ಲಿ ಬಸ್ಸುಗಳು ಸುಟ್ಟವು. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ 177.25 ಟಿಎಂಸಿ ಎಂದು ನಿಗದಿ ಮಾಡಿತು, ಪ್ರಾಧಿಕಾರ ಬಂತು. 2023ರ ಬರದ ವರ್ಷ ಬಂದ್ ನಡೆಯಿತು, ಧಿಕ್ಕಾರ ಕೂಗಿದರು, ಸಂಜೆ ಮನೆಗೆ ಹೋದರು. 2003ರ ಸುಮಾರಿಗೆ ಎರಡು ರಾಜ್ಯದ ರೈತರು ಕಾವೇರಿ ಕುಟುಂಬ ಎಂಬ ಹೆಸರಿನಲ್ಲಿ ಪರಸ್ಪರರ ಗದ್ದೆ ನೋಡಲು ಹೋಗಿ ಬಂದಿದ್ದರು. ಹಂಚಿಕೆಯ ಸೂತ್ರ ಅವರಿಂದ ಹುಟ್ಟಲಿಲ್ಲ, ಆದರೂ ತಂಜಾವೂರಿನ ರೈತನೂ ಸಾಲದಲ್ಲಿದ್ದಾನೆ ಎಂಬುದನ್ನು ಮಂಡ್ಯದ ರೈತ ಕಣ್ಣಾರೆ ಕಂಡ. (ಹೇಮಾವತಿ ನೀರಿಗೆ ತುಮಕೂರು, ರಾಮನಗರದವರು ಕಿತ್ತಾಡುವುದನ್ನು ನೋಡಿದರೆ ಭಾಷೆಯೇ ಕಾರಣ ಎಂದು ಹೇಳುವಂತೆಯೂ ಇಲ್ಲ.)

## ಕಷ್ಟದ ಪ್ರಶ್ನೆಗಳು

ಜಗತ್ತಿನದ್ದೆಲ್ಲ ಹೇಳ್ತೀರಿ, ಬಾಬಾಬುಡನ್‌ಗಿರಿ ಬಗ್ಗೆ ಯಾಕೆ ಬಾಯಿ ಬಿಡಲ್ಲ?

ಬಿಡುತ್ತೇನೆ. ಅದನ್ನು ಯುದ್ಧಗಳ ಸಾಲಿನಲ್ಲಿ ಕೂರಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಒಂದೇ ಗುಹೆಯಲ್ಲಿ ಒಬ್ಬರು ದತ್ತಾತ್ರೇಯರನ್ನು ಕಂಡರು, ಇನ್ನೊಬ್ಬರು ದಾದಾ ಹಯಾತ್ ಕಲಂದರ್‌ರನ್ನು. ಸರ್ಕಾರಿ ದಾಖಲೆಯಲ್ಲೂ ಎರಡು ಹೆಸರು ಕೂಡಿಯೇ ಬರುತ್ತವೆ. ಆಡಳಿತ ಯಾರದು, ಪೂಜೆ ಯಾರದು ಎಂಬ ಪ್ರಶ್ನೆ ದಶಕಗಳಿಂದ ಕೋರ್ಟು ಸರ್ಕಾರಗಳ ನಡುವೆ ಓಡಾಡಿದೆ. ಡಿಸೆಂಬರ್‌ನ ದತ್ತ ಜಯಂತಿ ಬಂದರೆ ಊರಿಗೆ ಊರೇ ಬ್ಯಾರಿಕೇಡು.

ಕೋರ್ಟು ಹಕ್ಕು ಯಾರದೆಂದು ಹೇಳಬಲ್ಲದು. ಬೆಟ್ಟದ ಬುಡದ ಹಳ್ಳಿಯವರು ವರ್ಷದ ಉಳಿದ ದಿನ ಹೇಗಿರುತ್ತಾರೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಬ್ಯಾರಿಕೇಡು ತೆಗೆದ ಮರುದಿನ ಅದೇ ಜನ ಒಂದೇ ಜೀಪಿನಲ್ಲಿ ಸಂತೆಗೆ ಬರುತ್ತಾರೆ. ಜಯಂತಿಗೆ ಮುಂಚೆ ಶಾಂತಿ ಸಮಿತಿ ಕರೆದು ಚಹಾ ಕೊಟ್ಟು ಕಳಿಸುವ ಬದಲು, ಜಯಂತಿ ಇಲ್ಲದ ತಿಂಗಳಲ್ಲಿ ಅವರನ್ನೇ ಕೂರಿಸಿ ಕೇಳಬಾರದೇ ಎಂಬುದು ನನ್ನ ಮಾತು.

ನ್ಯಾಯ ಸಿಗದ ಶಾಂತಿ ಯಾರಿಗೆ ಬೇಕು?

ನೊಂದವರೆಲ್ಲ ಒಂದೇ ಉತ್ತರ ಕೊಡುವುದಿಲ್ಲ. ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಂಧಾನ ಆಯೋಗ, ರಾಜಕೀಯ ಕಾರಣಕ್ಕೆ ಮಾಡಿದ ಅಪರಾಧವನ್ನು ಪೂರ್ತಿ ಬಾಯಿಬಿಟ್ಟರೆ ಕ್ಷಮಾದಾನ ಎಂದಿತು. ಏಳು ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು, ಕ್ಷಮೆ ಸಿಕ್ಕಿದ್ದು 849 ಮಂದಿಗೆ. 1977ರಲ್ಲಿ ಪೊಲೀಸ್ ವಶದಲ್ಲಿ ಸತ್ತ ಕಪ್ಪು ಹೋರಾಟಗಾರ ಸ್ಟೀವ್ ಬಿಕೊ ಕುಟುಂಬ ಈ ವ್ಯವಸ್ಥೆಯನ್ನೇ ಪ್ರಶ್ನಿಸಿ ಅಲ್ಲಿಯ ಸಂವಿಧಾನ ನ್ಯಾಯಾಲಯಕ್ಕೆ ಹೋಗಿ ಸೋತಿತು. ಅವರ ಸಿಟ್ಟು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ತುದಿಯಲ್ಲಿ ಕೊಲಂಬಿಯಾ. 2016ರ ಅಕ್ಟೋಬರ್ 2ರಂದು ಫಾರ್ಕ್ ಬಂಡುಕೋರರ ಜೊತೆಗಿನ ಒಪ್ಪಂದ ಜನಮತಕ್ಕೆ ಹೋಗಿ ಕೂದಲೆಳೆಯಲ್ಲಿ ಬಿದ್ದುಹೋಯಿತು. ಬೊಹಾಯಾ ಎಂಬ ಬಡ ಊರಿದೆ. 2002ರಲ್ಲಿ ಚರ್ಚ್‌ನಲ್ಲಿ ಅಡಗಿದ್ದ ಊರವರ ಮೇಲೆ ಫಾರ್ಕ್ ಎಸೆದ ಸ್ಫೋಟಕ ಬಿದ್ದು ಮಕ್ಕಳೂ ಸೇರಿ ಹತ್ತಾರು ಜನ ಸತ್ತಿದ್ದರು. ಆ ಊರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮತ ಒಪ್ಪಂದದ ಪರ ಬಿದ್ದಿತ್ತು. ತಿದ್ದಿದ ಒಪ್ಪಂದ ಅದೇ ನವೆಂಬರ್‌ನಲ್ಲಿ ಆಯಿತು.

ಇಸ್ರೇಲ್-ಪ್ಯಾಲೆಸ್ತೀನ್ ವಿಷಯದಲ್ಲೂ ಭರವಸೆ ಇದೆ ಅಂತೀರಾ? ಸುಮ್ಮನೆ ಸಮಾಧಾನಕ್ಕೆ ಹೇಳಬೇಡಿ.

ಭವಿಷ್ಯ ಹೇಳುವುದಿಲ್ಲ. 2023ರ ಅಕ್ಟೋಬರ್ 7 ಮತ್ತು ಆಮೇಲಿನ ಗಾಜಾ ನೋಡಿದ ಮೇಲೆ ಭವಿಷ್ಯ ಹೇಳುವವರನ್ನು ಕಂಡರೆ ನನಗೆ ಸಂಶಯ. ಎರಡು ಸಂಗತಿ ಮಾತ್ರ ಇಡುತ್ತೇನೆ. 1973ರಲ್ಲಿ ಇಸ್ರೇಲ್ ಮೇಲೆ ಯುದ್ಧ ಸಾರಿದ ಈಜಿಪ್ಟ್‌ನ ಸಾದತ್ ನಾಲ್ಕೇ ವರ್ಷಕ್ಕೆ ಜೆರುಸಲೇಮ್‌ಗೆ ಹೋಗಿ ಅವರ ಸಂಸತ್ತಿನಲ್ಲಿ ಮಾತಾಡಿದರು. 1979ರಲ್ಲಿ ಒಪ್ಪಂದವಾಯಿತು, 1981ರಲ್ಲಿ ಸಾದತ್ ಕೊಲೆಯಾದರು, ಒಪ್ಪಂದ ಉಳಿದುಕೊಂಡಿದೆ. ಅದರಲ್ಲಿ ಪ್ರೀತಿಯೇನೂ ಇಲ್ಲ. ಇನ್ನೊಂದು, ಮಕ್ಕಳನ್ನೋ ಒಡಹುಟ್ಟಿದವರನ್ನೋ ಈ ಜಗಳದಲ್ಲಿ ಕಳೆದುಕೊಂಡ ಎರಡೂ ಕಡೆಯ ಕುಟುಂಬಗಳ ವೇದಿಕೆ 1995ರಿಂದ ನಡೆದಿದೆ. ಅಕ್ಟೋಬರ್ 7ರ ನಂತರವೂ ಮುಚ್ಚಿಲ್ಲ. ಅವರು ಯುದ್ಧ ನಿಲ್ಲಿಸಿದ್ದಾರೆಯೇ ಎಂದು ಕೇಳಿದರೆ ಇಲ್ಲ. ಡೆರಿಯ ಡಡ್ಡಿಯ ಸಂಪರ್ಕವೂ ಇಪ್ಪತ್ತು ವರ್ಷ ಯುದ್ಧವನ್ನು ಪೂರ್ತಿ ನಿಲ್ಲಿಸಿರಲಿಲ್ಲ.

ಶಾಂತಿ ಹತ್ತಿರ ಬರ್ತಿದೆ ಅಂತ ಪೇಪರ್ ಓದಿ ಗೊತ್ತುಮಾಡಿಕೊಳ್ಳೋದು ಹೇಗೆ?

ಮುಖಪುಟದ ಭಾಷಣ ಬಿಟ್ಟು ಒಳಪುಟದ ಸಣ್ಣ ಸುದ್ದಿ ಓದಿ. ಕೈದಿಗಳ, ಶವಗಳ ವಿನಿಮಯ ನಡೆಯಿತೇ? ಯುದ್ಧ ನಡೆಯುತ್ತಿರುವಾಗಲೇ ರಷ್ಯಾ, ಉಕ್ರೇನ್ ಎಷ್ಟೋ ಸಲ ಕೈದಿಗಳನ್ನು ಅದಲುಬದಲು ಮಾಡಿಕೊಂಡಿವೆ. 2022ರ ಜುಲೈಯಿಂದ ಒಂದು ವರ್ಷ ಕಪ್ಪು ಸಮುದ್ರದಲ್ಲಿ ಧಾನ್ಯದ ಹಡಗುಗಳಿಗೂ ದಾರಿ ಬಿಟ್ಟಿದ್ದವು. ಇಂಥವು ಒಪ್ಪಂದವಲ್ಲ, ಆದರೆ ಎರಡು ಕಡೆಯ ಯಾರೋ ಇಬ್ಬರು ಅಧಿಕಾರಿಗಳಿಗೆ ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಗೊತ್ತು ಎಂಬುದರ ಗುರುತು. ನಾಯಕರು ಬೈಗುಳ ಕಡಿಮೆ ಮಾಡಿದ್ದಾರೆಯೇ ಎಂದು ಮಾತ್ರ ನೋಡಬೇಡಿ. ಸಹಿ ಹಾಕುವ ಹಿಂದಿನ ವಾರ ತಮ್ಮವರನ್ನು ಸಮಾಧಾನ ಮಾಡಲು ಹೆಚ್ಚೇ ಬೈಯುತ್ತಾರೆ.

ಇಲ್ಲಿ ಕೂತು ನಾವು ಭರವಸೆ ಇಟ್ಟುಕೊಂಡ್ರೆ ಅಲ್ಲಿಗೇನು ಲಾಭ?

ಅಲ್ಲಿಗೆ ಏನೂ ಇಲ್ಲ. ಇಲ್ಲಿಗೆ ಇದೆ.

2012ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಅಸ್ಸಾಂನ ಕೊಕ್ರಾಜಾರ್ ಕಡೆ ಗಲಭೆಯಾಯಿತು. ಈಶಾನ್ಯದವರ ಮೇಲೆ ಇಲ್ಲೂ ದಾಳಿಯಾಗುತ್ತದೆ ಎಂಬ ಸುಳ್ಳು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರಿ ಸಾವಿರಾರು ಜನ ಬೆಂಗಳೂರು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಕೇಂದ್ರ ಸರ್ಕಾರ ಒಟ್ಟೊಟ್ಟಿಗೆ ಎಸ್‌ಎಂಎಸ್ ಕಳಿಸುವುದಕ್ಕೇ ಮಿತಿ ಹೇರಿತು. ಈಗ ನಮ್ಮ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲೇ ಅಸ್ಸಾಂನ ಕಾರ್ಮಿಕರಿದ್ದಾರೆ. ಅವರಲ್ಲೂ ಅಲ್ಲಿ ಪರಸ್ಪರ ಹೊಡೆದಾಡಿದ ಎರಡೂ ಕಡೆಯವರು ಇರಬಹುದು, ಇಲ್ಲಿ ತೋಟದ ಆಳುಗಳ ಒಂದೇ ಲೈನ್ ಮನೆಯಲ್ಲಿ ಅಡುಗೆ ಮಾಡಿಕೊಳ್ಳುತ್ತಿರಬಹುದು. ಮತ್ತೆ ಅಂಥ ಸಂದೇಶ ನಿಮ್ಮ ಫೋನಿಗೆ ಬಂದ ರಾತ್ರಿ ಅದನ್ನು ಮುಂದೆ ತಳ್ಳಬೇಡಿ. ಲೈನ್ ಮನೆಗೆ ಹೋಗಿ ಏನು ಸುದ್ದಿ ಕೇಳಿದಿರಿ ಎಂದು ವಿಚಾರಿಸಿ, ತೋಟದ ರೈಟರ್‌ಗೂ ಪೊಲೀಸ್ ಠಾಣೆಗೂ ತಿಳಿಸಿ. ಅವರ ಹೆಸರು ಗೊತ್ತಿಲ್ಲದಿದ್ದರೆ ಈ ಕೊಯ್ಲಿನಲ್ಲೇ ಕೇಳಿ ತಿಳಿದುಕೊಂಡಿರಿ, ಆ ರಾತ್ರಿ ಕೇಳಿದರೆ ಹೆದರುತ್ತಾರೆ.